ಬಾಗಿಲು ಮತ್ತೆ ತೆಗೆದಿದ್ದೇವೆ, ಕೈ ಹಿಡಿದವರಿಗೆ ನಮಸ್ಕಾರ

ಹದಿನಾಲ್ಕು ತಿಂಗಳಾದ ಮೇಲೆ ನಿನ್ನೆ ಸಂಜೆ ನಮ್ಮ ಬಾರಿನ ಬಾಗಿಲು ತೆಗೆದೆವು.

ಶಿವಮೊಗ್ಗದ ಹಳೇ ಪೇಟೆಯ ಈ ಕಟ್ಟಡ ಮೊದಲು ಅಡಿಕೆ ಮಂಡಿ. ಈಗ ಟೇಬಲ್ ಇರುವ ಕಡೆ ತೀರ್ಥಹಳ್ಳಿ, ಹೊಸನಗರದಿಂದ ಬಂದ ಮೂಟೆಗಳು ಇರುತ್ತಿದ್ದವು. ವ್ಯಾಪಾರ ಎಪಿಎಂಸಿಗೆ ಹೋದ ಮೇಲೆ ಖಾಲಿ ಬಿದ್ದಿತ್ತು, ಅಪ್ಪ ಬಾರ್ ಶುರು ಮಾಡಿದರು. 2020ರ ಲಾಕ್‌ಡೌನನ್ನೂ ಹೇಗೋ ದಾಟಿದ್ದೆವು. ಆದರೆ ಹೋದ ವರ್ಷದ ಮಳೆಗೆ ಹಿಂದಿನ ಗೋಡೆ ಕುಸಿಯಿತು, ಹಂಚಿನ ಮಾಡು ಅರ್ಧ ಅದರ ಜೊತೆಗೇ ಬಂತು. ತಪ್ಪು ನನ್ನದೇ. ಚೆನ್ನಾಗಿ ಕಾಣಲಿ ಅಂತ ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಸಿಮೆಂಟ್ ಹಚ್ಚಿಸಿದ್ದೆ, ಒಳಗೆ ಹೋದ ನೀರು ಆರುವುದಕ್ಕೆ ದಾರಿಯೇ ಇರಲಿಲ್ಲ.

ಮೊದಲ ನಮಸ್ಕಾರ ನಮ್ಮ ಗಾರೆ ಮೇಸ್ತ್ರಿಗೆ. "ಅಣ್ಣಾ, ಮತ್ತೆ ಸಿಮೆಂಟ್ ಅಂದ್ರೆ ಬೇರೆಯವರನ್ನ ಕರೀರಿ" ಅಂದುಬಿಟ್ಟರು. ಸುಣ್ಣ ವಾರಗಟ್ಟಲೆ ನೆನೆಸಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ, ಒಂದು ಪದರ ಒಣಗುವವರೆಗೆ ಇನ್ನೊಂದು ಮುಟ್ಟದೆ, ನಾನು ಎಷ್ಟು ಅವಸರ ಮಾಡಿದರೂ ಕೇಳದೆ ಕೆಲಸ ಮುಗಿಸಿದರು. ಈ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯಿತು, ಬಿಸಿಲು ಬಂದ ಕೂಡಲೇ ಆರಿತು. ಕೈಯಿಟ್ಟು ನೋಡಿದೆ, ಕಣ್ಣು ತುಂಬಿತು.

ಮಂಡಿಯ ಹಮಾಲರು ಭಾನುವಾರ ಬಂದು ಕಲ್ಲು ಹೊತ್ತರು. ಊಟ ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ನಮ್ಮ ಅಡುಗೆಯವರು, ಹುಡುಗರು ಬೇರೆ ಕಡೆ ಕೆಲಸ ಸಿಕ್ಕಿದ್ದರೂ ವಾಪಸ್ ಬಂದರು.

ಎದುರು ಮನೆಯ ಅಮ್ಮನ ಬಗ್ಗೆ ಜಾಸ್ತಿ ಹೇಳಬೇಕು. ಬಾರ್ ಅಂದರೆ ಅವರಿಗೆ ಆಗುವುದಿಲ್ಲ, ಇಷ್ಟು ವರ್ಷದಲ್ಲಿ ನಮ್ಮ ಮೆಟ್ಟಿಲು ಹತ್ತಿದವರಲ್ಲ. ಮಾಡಿಗೆ ಹಳೇ ಹಂಚು ಎಲ್ಲೂ ಸಿಗದೆ ನಾನು ತಗಡು ಹಾಕಲು ಹೊರಟಾಗ ಕರೆದರು. ತವರುಮನೆ ಕೆಡವಿದಾಗ ಎತ್ತಿಟ್ಟ ಹಂಚು ಹಿತ್ತಲಲ್ಲಿತ್ತು. "ಸುಮ್ನೆ ಪಾಚಿ ಹಿಡೀತಾ ಕೂತಿದೆ, ಒಯ್ಯಪ್ಪಾ. ಟಿವಿ ಸದ್ದು ಮಾತ್ರ ಕಮ್ಮಿ ಇಡು." ತಿರುಗಿಸಿ ನೋಡಿದರೆ ಮಂಗಳೂರಿನ ಬಾಸೆಲ್ ಮಿಷನ್ ಕಾರ್ಖಾನೆಯ ಹಂಚು, ಬೆನ್ನ ಮೇಲೆ 1865 ಅಂತ ಅಚ್ಚು. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಆದರೂ ನಮ್ಮ ಅಜ್ಜನ ಕಾಲದ್ದಂತೂ ಹೌದು. ದುಡ್ಡು ಕೊಡಲು ಹೋದರೆ ಬೈದರು.

ನಿನ್ನೆ ಸಂಜೆ ಜಗುಲಿಯಲ್ಲಿ ನಿಂತು ಮಾಡನ್ನೇ ನೋಡುತ್ತಿದ್ದರು. ಮೂರನೇ ಸಾಲು ಸ್ವಲ್ಪ ಓರೆ ಇದೆ ಅಂದರು. ಇವತ್ತು ಬೆಳಿಗ್ಗೆಯೇ ಸರಿ ಮಾಡಿಸಿದೆ ಅಮ್ಮಾ, ಬಂದು ನೋಡಿ.