ಗೇಟಿನ ಹೊರಗೆ ನಿಂತ ಹೊತ್ತಿಗೆ ಲೆಕ್ಕ ಇಲ್ವಾ?

ಸಂಪಾದಕರೇ, ನಮಸ್ಕಾರ.

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಆರು ವರ್ಷದಿಂದ ಫೆಟ್ಲಿಂಗ್ ಕೆಲಸ ಮಾಡುತ್ತಿದ್ದೇನೆ. ಎರಕ ಹೊಯ್ದು ತೆಗೆದ ಕಾಸ್ಟಿಂಗ್‌ನ ಅಂಚಿಗೆ ಉಳಿದ ಚೂಪನ್ನು ಗ್ರೈಂಡರ್ ಹಿಡಿದು ಸವರುವ ಕೆಲಸ. ಕೆಲಸ ಕಷ್ಟ ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ಅದು ಗೊತ್ತಿದ್ದೇ ಸೇರಿದ್ದು. ಕೆಲಸ ಸಿಗದ ದಿನದ ಬಗ್ಗೆ ಬರೆಯುತ್ತಿದ್ದೇನೆ.

ರಾತ್ರಿ ಒಂಬತ್ತೂವರೆ ಹತ್ತರ ಹೊತ್ತಿಗೆ ನಮ್ಮ ಠೇಕೆದಾರರ ವಾಟ್ಸಾಪ್ ಗ್ರೂಪಿಗೆ ಒಂದು ಲಿಸ್ಟ್ ಬರುತ್ತದೆ. ನಾಳೆ ಯಾರು ಬರಬೇಕು ಅನ್ನೋ ಲಿಸ್ಟ್. ಹೆಸರು ಇಲ್ಲದಿದ್ದರೆ ಮನೆ. ಸರಿ, ಅದಾದರೂ ರಾತ್ರಿಯೇ ಗೊತ್ತಾಗುತ್ತದೆ. ಹೆಸರು ಇದ್ದವನ ಪಾಡು ಕೇಳಿ. ಮುಂಜಾನೆ ಐದಕ್ಕೆ ಎದ್ದು, ಬುತ್ತಿ ಕಟ್ಟಿಸಿಕೊಂಡು, ಖಾನಾಪುರ ಕಡೆಯಿಂದ ಮೊದಲ ಬಸ್ಸು ಹಿಡಿದು ಏಳಕ್ಕೆ ಗೇಟಿಗೆ ಬಂದರೆ ಸೆಕ್ಯುರಿಟಿಯವನು ಹೇಳುತ್ತಾನೆ, 'ಇವತ್ತು ಹೀಟ್ ಇಲ್ಲಂತ, ಸ್ವಲ್ಪ ನಿಲ್ಲರಿ.' ಹೀಟ್ ಇಲ್ಲ ಅಂದರೆ ಫರ್ನೇಸ್ ಹಚ್ಚಲ್ಲ ಅಂತ. ನಿಲ್ಲುತ್ತೇವೆ. ಎಂಟು ಆಗುತ್ತದೆ, ಒಂಬತ್ತು ಆಗುತ್ತದೆ. ಆಮೇಲೆ ಸೂಪರ್‌ವೈಸರ್ ಬಂದು ನಾಲ್ಕು ಜನರನ್ನು ಬೊಟ್ಟು ಮಾಡಿ ಒಳಗೆ ಕರೆದುಕೊಂಡು ಹೋಗುತ್ತಾರೆ. ಉಳಿದವರು ವಾಪಸ್. ನಡುವೆ ಎದ್ದು ಹೋಗೋಣ ಅಂದರೆ ಆಗಲ್ಲ, ಕರೆದಾಗ ಇಲ್ಲದಿದ್ದರೆ ಮುಂದಿನ ವಾರ ಲಿಸ್ಟಿನಲ್ಲೇ ಹೆಸರು ಇರಲ್ಲ. ಆ ದಿನದ ಪಗಾರ ಇಲ್ಲ, ಬಸ್ ಚಾರ್ಜ್ ನಮ್ಮದೇ. (ಮನೆಯವಳಿಗೆ ಬಸ್ ಫ್ರೀ, ನನಗಿಲ್ಲ. ಇದನ್ನ ಅವಳು ತಿಂಗಳಿಗೊಮ್ಮೆಯಾದರೂ ನೆನಪು ಮಾಡುತ್ತಾಳೆ.)

ಮನೆಗೆ ಬಂದು ಚೀಲ ಇಟ್ಟ ಸಪ್ಪಳಕ್ಕೇ ನಮ್ಮವ್ವನಿಗೆ ಗೊತ್ತಾಗುತ್ತದೆ. ಖಾಲಿ ಡಬ್ಬಿ ಗಲಗಲ ಅನ್ನುತ್ತದೆ, ತುಂಬಿದ್ದು ಅನ್ನಲ್ಲ. ಅವಳು ಏನೂ ಕೇಳಲ್ಲ. ಡಬ್ಬಿ ಬಿಚ್ಚಿ ಅದೇ ರೊಟ್ಟಿ ಪಲ್ಯ ತಟ್ಟೆಗೆ ಹಾಕಿ ಕೊಡುತ್ತಾಳೆ.

ಇದಕ್ಕೆ ಕಾನೂನಿನಲ್ಲಿ ಏನೂ ಇಲ್ಲ ಅಂತಲೇ ಇಷ್ಟು ದಿನ ತಿಳಿದಿದ್ದೆ. ಅಕ್ಕನ ಮಗ ಕಾನೂನು ಓದುತ್ತಿದ್ದಾನೆ, ಅವನು ಮೊನ್ನೆ ಫೋನಿನಲ್ಲಿ ತೆಗೆದು ಓದಿ ಹೇಳಿದ. ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಹೆಸರಿರುವ ಕಾರ್ಮಿಕ ಹೇಳಿದ ಹೊತ್ತಿಗೆ ಬಂದು ನಿಂತು, ಎರಡು ಗಂಟೆಯೊಳಗೆ ಅವನಿಗೆ ಕೆಲಸ ಕೊಡದಿದ್ದರೆ ಆ ದಿನ ಅವನನ್ನು ಲೇ ಆಫ್ ಮಾಡಿದ ಹಾಗೆ, ಅಂದರೆ ಕೆಲಸದಿಂದ ತೆಗೆಯದೆ ಸುಮ್ನೆ ಕೂರಿಸಿದ ಹಾಗೆ, ಲೆಕ್ಕವಂತೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕಂತೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಈ ಮಾತಿತ್ತು, ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಕೇಳಿ ಖುಷಿಯಾಯಿತು. ಗೇಟಿನ ಹೊರಗೆ ನಿಲ್ಲುವವನ ಬಗ್ಗೆ ಯಾರೋ ಯಾವಾಗಲೋ ಯೋಚನೆ ಮಾಡಿ, ಗಂಟೆ ಲೆಕ್ಕ ಹಾಕಿ ಬರೆದಿಟ್ಟಿದ್ದಾರಲ್ಲ ಅಂತ. ಆಮೇಲೆ ಅವನು ಮುಂದಿನದನ್ನ ಓದಿದ. ಆ ಅರ್ಧ ಪಗಾರ ಸಿಗಬೇಕಾದರೆ ಕಾರ್ಖಾನೆಯಲ್ಲಿ 50 ಜನ ಇರಬೇಕು, ಒಂದು ವರ್ಷದ ಸರ್ವಿಸ್ ಆಗಿರಬೇಕು, ಬದಲಿ ಅಥವಾ ಕ್ಯಾಶುವಲ್ ಕಾರ್ಮಿಕ ಆಗಿರಬಾರದು. ಕಾಗದದ ಮೇಲೆ ನಾವೆಲ್ಲ ಕ್ಯಾಶುವಲ್. ಅಲ್ಲಿಗೆ ಮುಗಿಯಿತು.

ಆರು ವರ್ಷ ಒಂದೇ ಗ್ರೈಂಡರ್ ಮುಂದೆ ನಿಂತವನು ಕ್ಯಾಶುವಲ್ ಹೇಗೆ ಅಂತ ನೀವು ಕೇಳಬಹುದು. ಈ ಆರು ವರ್ಷದಲ್ಲಿ ಠೇಕೆದಾರರು ಮೂರು ಸಲ ಬದಲಾಗಿದ್ದಾರೆ. ಹೊಸ ಹೆಸರು, ಹೊಸ ಲೈಸೆನ್ಸು, ಹೊಸ ಐಡಿ ಕಾರ್ಡು. ಜನ ಅವರೇ, ಶೆಡ್ ಅದೇ, ಗ್ರೈಂಡರ್ ಅದೇ. ನಡುವೆ ಹತ್ತು ಹದಿನೈದು ದಿನ 'ಬ್ರೇಕ್' ಅಂತ ಮನೆಗೆ ಕಳಿಸುತ್ತಾರೆ, ಆಮೇಲೆ ಮತ್ತೆ ಒಂದನೇ ದಿನದಿಂದ ಶುರು. ಹಾಗಾಗಿ ನಮಗೆ ವಯಸ್ಸಾಗುತ್ತದೆಯೇ ಹೊರತು ಸರ್ವಿಸ್ ಆಗಲ್ಲ.

ಇದರಿಂದ ಏನಾಗುತ್ತದೆ ಅಂತ ನನ್ನದೇ ಲೆಕ್ಕ ಹೇಳುತ್ತೇನೆ. ಕೆಲಸ ಸಿಕ್ಕ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಸುತ್ತ ಒಂದು ಸೊನ್ನೆ ಸುತ್ತುತ್ತೇನೆ, ಗೇಟಿನಿಂದ ವಾಪಸ್ ಬಂದ ದಿನ ಒಂದು ಗೀಟು ಎಳೆಯುತ್ತೇನೆ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಬಹಳ ಡಲ್ ಇತ್ತು. ಸೊನ್ನೆ 74, ಗೀಟು 19. ಆಮೇಲೆ ಫೆಬ್ರವರಿಯಲ್ಲಿ ನನಗೆ ಟೈಫಾಯಿಡ್ ಬಂತು, 16 ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಮ್ಮ ಪಗಾರದಲ್ಲಿ ಪ್ರತಿ ತಿಂಗಳು ಇಎಸ್‌ಐಗೆ (ಕಾರ್ಮಿಕರ ಸರ್ಕಾರಿ ವಿಮೆಗೆ) ಅಂತ ಮುಕ್ಕಾಲು ಪರ್ಸೆಂಟ್ ಹಿಡಿಯುತ್ತಾರೆ, ಕಾಯಿಲೆ ಬಿದ್ದ ದಿನಗಳಿಗೆ ಪಗಾರದ 70 ಪರ್ಸೆಂಟ್ ಸಿಗುತ್ತದೆ ಅಂತ ಗೊತ್ತಿತ್ತು. ಅರ್ಜಿ ಹಾಕಿದರೆ ದಿನ ಕಡಿಮೆ ಬಿದ್ದಿದೆ ಅಂದರು. ಫೆಬ್ರವರಿಯ ಕಾಯಿಲೆಗೆ ನೋಡೋದು ಆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕವಂತೆ, ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇರಬೇಕು, ಅಂದರೆ ತಿಂಗಳಿಗೆ 13 ದಿನ. ನಂದು 74. ನಿಯಮ ಇರೋದೇ ಹಾಗೆ, ಅರ್ಜಿ ನೋಡಿದವರದ್ದು ತಪ್ಪಲ್ಲ. ಆದರೆ ರಾತ್ರಿ ಮನೆಗೆ ಬಂದು ಆ ಕ್ಯಾಲೆಂಡರ್ ತಿರುವಿ ತಿರುವಿ ನೋಡಿದೆ. 19 ಗೀಟಿನಲ್ಲಿ ನಾಲ್ಕು ಸೊನ್ನೆ ಆಗಿದ್ದರೆ ಸಾಕಿತ್ತು.

ಇನ್ನು ಆರ್ಡರ್ ಬಂತು ಅಂದರೆ ಕಥೆನೇ ಬೇರೆ. ಮುಂಜಾನೆ ಏಳಕ್ಕೆ ಒಳಗೆ ಹೋದರೆ ರಾತ್ರಿ ಏಳಕ್ಕೆ ಹೊರಗೆ, ಆಗಲ್ಲ ಅನ್ನೋ ಹಾಗಿಲ್ಲ. ವಾರಕ್ಕೆ 48 ಗಂಟೆ ದಾಟಿದ ಮೇಲೆ ಓಟಿಗೆ ಡಬಲ್ ಕೊಡಬೇಕು ಅಂತ ಹಳೇ ಫ್ಯಾಕ್ಟರಿ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ನಮಗೆ ಸಿಗೋದು ಸಿಂಗಲ್, ಅದೂ ಕೈಯಲ್ಲಿ, ಪಗಾರ ಸ್ಲಿಪ್ಪಿನಲ್ಲಿ ಇರಲ್ಲ.

ಮಾಲೀಕರನ್ನ ಸುಮ್ನೆ ಬೈಯ್ಯೋಕೆ ನನಗೂ ಮನಸ್ಸಿಲ್ಲ. ಬೆಳಗಾವಿಯ ಸಣ್ಣ ಫೌಂಡ್ರಿಗಳು ದೊಡ್ಡ ಕಂಪನಿಗಳ ಆರ್ಡರ್ ಮೇಲೇ ನಿಂತಿವೆ. ಅವರು ಆರ್ಡರ್ ನಿಲ್ಲಿಸಿದರೆ ಇವರಿಗೂ ಬ್ಯಾಂಕಿನ ಬಡ್ಡಿ ಬಿಡಲ್ಲ. ಒಪ್ಪುತ್ತೇನೆ. ಆದರೆ ಆರ್ಡರ್ ಇಲ್ಲದ ದಿನದ ನಷ್ಟ ಪೂರ್ತಿ ನಮ್ಮ ತಲೆ ಮೇಲೆ ಬರುತ್ತದೆ, ಆರ್ಡರ್ ಜಾಸ್ತಿ ಇದ್ದ ದಿನದ ಲಾಭದಲ್ಲಿ ಮಾತ್ರ ನಮಗೆ ಪಾಲಿಲ್ಲ. ಇದು ಯಾವ ನ್ಯಾಯ ಹೇಳಿ?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಎಲ್ಲ ಒಳ್ಳೆಯದೇ ಇದೆ ಅಂತ ನಾನು ಹೇಳಲ್ಲ. ಗುತ್ತಿಗೆ ಕಾರ್ಮಿಕರ ಕಾನೂನು ಮೊದಲು 20 ಜನ ಇದ್ದರೆ ಸಾಕು ಅನ್ವಯ ಆಗುತ್ತಿತ್ತು, ಈಗ 50 ಜನ ಬೇಕು. ಸಣ್ಣ ಠೇಕೆದಾರರಿಗೆ ಇದರಿಂದ ಅನುಕೂಲವೇ ಆಯಿತು. ಆದರೆ ಒಂದು ಮಾತು ನಮಗೆ ಉಪಯೋಗಕ್ಕೆ ಬರುವಂಥದ್ದು ಇದೆ. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಲೇಬೇಕು, ಮೊದಲೇ ಕೆಲಸದಲ್ಲಿದ್ದು ಪತ್ರ ಸಿಗದವರಿಗೆ ಮೂರು ತಿಂಗಳೊಳಗೆ ಕೊಡಬೇಕು ಅಂತ ಇದೆ. ಮೂರು ತಿಂಗಳು ಆಗಿ ಹೋಯಿತು. ನಮ್ಮ ಶೆಡ್ಡಿನಲ್ಲಿ ಒಬ್ಬನಿಗೂ ಬಂದಿಲ್ಲ. ಕೇಳಿದ್ದಕ್ಕೆ ಠೇಕೆದಾರರು ನಕ್ಕು, 'ಐಡಿ ಕಾರ್ಡ್ ಐತಲ್ಲೋ' ಅಂದರು.

ಆ ಪತ್ರದಲ್ಲಿ ಏನೇನು ಇರಬೇಕು ಅಂತ ನಮ್ಮಂಥ ಕಾರ್ಖಾನೆಗಳಿಗೆ ನಿಯಮ ಮಾಡೋದು ರಾಜ್ಯ ಸರ್ಕಾರ. ನಾನು ಕೇಳೋದು ಇಷ್ಟೇ. ಪಗಾರ ಎಷ್ಟು ಅಂತ ಬರೆಯುವ ಜಾಗದ ಕೆಳಗೆ ಇನ್ನೆರಡು ಸಾಲು ಹಾಕಿ. ತಿಂಗಳಿಗೆ ಕನಿಷ್ಠ ಎಷ್ಟು ದಿನ ಕೆಲಸ ಕೊಡುತ್ತೀರಿ, ಕರೆಸಿ ವಾಪಸ್ ಕಳಿಸಿದರೆ ಎಷ್ಟು ಕೊಡುತ್ತೀರಿ. ಠೇಕೆದಾರ ಬದಲಾದರೂ ಮೊದಲು ಸೇರಿದ ತಾರೀಖು ಅದರಲ್ಲಿ ಹಾಗೇ ಇರಲಿ. ಆಮೇಲೆ ಕಾರ್ಮಿಕ ಇಲಾಖೆಯವರು ಒಂದು ದಿನ, ಮೊದಲೇ ಫೋನ್ ಮಾಡದೆ, ಮುಂಜಾನೆ ಏಳರಿಂದ ಒಂಬತ್ತರವರೆಗೆ ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ಯಾವುದಾದರೂ ಗೇಟಿನ ಮುಂದೆ ಬಂದು ನಿಲ್ಲಲಿ. ಕಡತದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ.

ಡಿಸೆಂಬರ್ ಬಂದರೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತದೆ, ಊರೂರಿನ ಜನ ಬಂದು ಟೆಂಟ್ ಹಾಕಿ ಕೂರುತ್ತಾರೆ. ನಾವೂ ಹೋಗೋಣ ಅಂತ ಪ್ರತಿ ವರ್ಷ ಮಾತಾಡಿಕೊಳ್ಳುತ್ತೇವೆ. ಹೋಗಲ್ಲ. ಅವತ್ತೇ ಕೆಲಸಕ್ಕೆ ಕರೆದುಬಿಟ್ಟರೆ ಅಂತ ಭಯ.

ಪತ್ರ ಹಾಕುವುದಾದರೆ ಹೆಸರು ಬಿಟ್ಟು ಹಾಕಿ. ಇವತ್ತು ರಾತ್ರಿಯೂ ಲಿಸ್ಟ್ ಬರುವುದಿದೆ.

— ಒಬ್ಬ ಫೌಂಡ್ರಿ ಕಾರ್ಮಿಕ, ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ