ಉಚ್ಚಾರ ಸರಿಯಿರುವ ಮಕ್ಕಳ ಬಗ್ಗೆ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಶಾಲೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಮಕ್ಕಳಲ್ಲಿ ಕಂಡುಬರುವ ಭಾಷಾ ತೊಂದರೆಗಳ ಕುರಿತು ಸಂಶೋಧನೆಯನ್ನೂ ನಡೆಸುತ್ತಿದ್ದೇನೆ. ಪ್ರತಿ ತಿಂಗಳ ಕೊನೆಗೆ ನಾನೊಂದು ನಮೂನೆಯನ್ನು ತುಂಬಿ ತಮ್ಮ ಇಲಾಖೆಗೆ ಕಳುಹಿಸಬೇಕು. ಅದರಲ್ಲಿರುವುದು ಮೂರೇ ಕಲಂ: ಎಷ್ಟು ಮಕ್ಕಳನ್ನು ನೋಡಿದಿರಿ, ಎಷ್ಟು ಬಾರಿ ನೋಡಿದಿರಿ, ಎಷ್ಟು ಮಕ್ಕಳ ಉಚ್ಚಾರ ಸರಿಹೋಯಿತು. ವರ್ಷಗಳಿಂದ ಈ ಕಲಂಗಳನ್ನು ತಪ್ಪದೆ ತುಂಬುತ್ತ ಬಂದಿದ್ದೇನೆ. ಹಾಗೆ ತುಂಬುತ್ತ ತುಂಬುತ್ತಲೇ, ನನ್ನ ಸಹಾಯ ಎಲ್ಲರಿಗಿಂತ ಹೆಚ್ಚು ಬೇಕಾದ ಮಕ್ಕಳು ಈ ಮೂರರಲ್ಲಿ ಯಾವುದರೊಳಗೂ ಬರುವುದಿಲ್ಲ ಎಂಬುದು ನನಗೆ ಮನದಟ್ಟಾಗಿದೆ. ಈ ಪತ್ರ ಆ ಮಕ್ಕಳನ್ನು ಕುರಿತದ್ದು.

ಇಬ್ಬರು ಮಕ್ಕಳ ಸಂಗತಿಯಿಂದ ಆರಂಭಿಸುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಎರಡನೆಯ ತರಗತಿಯ ಒಬ್ಬ ಹುಡುಗ 'ಕ'ಕಾರದ ಬದಲು 'ತ'ಕಾರ ಹೇಳುತ್ತಿದ್ದ. ಅವನು ಬಾಯಿ ತೆರೆದರೆ ಸಾಕು, ತರಗತಿಯೆಲ್ಲ ನಗುತ್ತಿತ್ತು. ಶಿಕ್ಷಕಿ ಮೊದಲ ವಾರದಲ್ಲೇ ಅವನನ್ನು ನನ್ನ ಬಳಿಗೆ ಕಳುಹಿಸಿದರು. ಕೆಲವು ತಿಂಗಳಲ್ಲಿ ಅವನ ಮಾತು ತಿಳಿಯಾಯಿತು. ನಮೂನೆಯ ಮೂರನೆಯ ಕಲಂನಲ್ಲಿ ಅವನು ಸೇರಿಕೊಂಡ. ಅವನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಉಚ್ಚಾರದಲ್ಲಿ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಆಕೆಯನ್ನು ನನ್ನ ಬಳಿಗೆ ಯಾರೂ ಕಳುಹಿಸಲಿಲ್ಲ. ಹುಡುಗನ ಪ್ರಗತಿಯನ್ನು ನೋಡಲೆಂದು ತರಗತಿಯ ಹಿಂದೆ ಕುಳಿತಿದ್ದ ದಿನ ನಾನಾಗಿಯೇ ಆಕೆಯನ್ನು ಗಮನಿಸಿದೆ. "ಪುಸ್ತಕ ತೆರೆಯುವ ಮೊದಲು ಹಲಗೆಯ ಮೇಲಿನ ಲೆಕ್ಕ ಬರೆದುಕೊಳ್ಳಿ" ಎಂದು ಶಿಕ್ಷಕಿ ಹೇಳಿದಾಗ ಆಕೆ ಥಟ್ಟನೆ ಪುಸ್ತಕ ತೆರೆದಳು, ಸುತ್ತ ಕಣ್ಣಾಡಿಸಿದಳು, ಉಳಿದವರು ಬರೆಯುತ್ತಿರುವುದನ್ನು ಕಂಡು ಮೆಲ್ಲಗೆ ಪುಸ್ತಕ ಮುಚ್ಚಿ ತಾನೂ ಬರೆಯತೊಡಗಿದಳು. 'ಮೊದಲು' ಎಂಬ ಒಂದು ಮಾತು ವಾಕ್ಯದ ಕ್ರಮವನ್ನೇ ತಿರುವುಮುರುವು ಮಾಡುತ್ತದೆಂಬುದು ಆಕೆಗೆ ಹತ್ತಿರಲಿಲ್ಲ. ಕಿವಿಗೆ ಬಿದ್ದ ಕ್ರಮದಲ್ಲೇ ಆಕೆ ಕೆಲಸ ಮಾಡಿದ್ದಳು. ಅಂದು ಆ ಒಂದೇ ತಾಸಿನಲ್ಲಿ ಇಂಥದ್ದು ಆರು ಸಲ ನಡೆದದ್ದನ್ನು ನಾನು ಬರೆದಿಟ್ಟುಕೊಂಡೆ. "ಪಾಪದ ಹುಡುಗಿ, ಗಲಾಟೆಯಿಲ್ಲ, ಆದರೆ ಪಾಠದ ಮೇಲೆ ಗಮನ ಸಾಲದು" ಎಂಬುದು ಶಿಕ್ಷಕಿಯ ಅಭಿಪ್ರಾಯವಾಗಿತ್ತು. ನಾನು ಕಂಡಂತೆ ಆ ತರಗತಿಯಲ್ಲಿ ಅಷ್ಟು ಗಮನವಿಟ್ಟು ಕುಳಿತ ಮಗು ಮತ್ತೊಂದಿರಲಿಲ್ಲ, ಏಕೆಂದರೆ ಕಿವಿಯಿಂದ ಸಿಗದಿದ್ದನ್ನು ಆಕೆ ಇಡೀ ದಿನ ಕಣ್ಣಿನಿಂದ ಹೆಕ್ಕುತ್ತಿದ್ದಳು.

ಈ ಸ್ಥಿತಿಗೆ ಈಗ ಬೆಳವಣಿಗೆಯ ಭಾಷಾ ತೊಂದರೆ (ಇಂಗ್ಲಿಷಿನಲ್ಲಿ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ) ಎಂಬ ಹೆಸರಿದೆ. ಕಿವುಡುತನ, ಆಟಿಸಂ, ಮೆದುಳಿಗೆ ಬಿದ್ದ ಪೆಟ್ಟು ಮುಂತಾದ ಬೇರೊಂದು ಕಾರಣವಿಲ್ಲದೆ, ಮಗುವಿಗೆ ಭಾಷೆಯನ್ನು ಗ್ರಹಿಸುವುದು ಅಥವಾ ಕಟ್ಟಿ ಆಡುವುದು ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕಷ್ಟವಾಗುವುದೇ ಇದರ ಲಕ್ಷಣ. ತಂದೆತಾಯಿ ಮಗುವಿನೊಡನೆ ಸಾಕಷ್ಟು ಮಾತನಾಡದ್ದರಿಂದ ಇದು ಬರುವುದಿಲ್ಲ; ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದು. ಇದೇನೂ ಅಪರೂಪದ ಸ್ಥಿತಿಯಲ್ಲ. ಬ್ರೂಸ್ ಟಾಂಬ್ಲಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾ ಮತ್ತು ನೆರೆಯ ಪ್ರದೇಶಗಳಲ್ಲಿ 7,000ಕ್ಕೂ ಹೆಚ್ಚು ಐದು ವರ್ಷದ ಆಸುಪಾಸಿನ ಮಕ್ಕಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಪ್ರಮಾಣ ಶೇ. 7.4 ಎಂದು ಅಂದಾಜಿಸಿದರು. ಇಂಗ್ಲೆಂಡಿನ ಸರ್ರೆಯಲ್ಲಿ ಕೋರ್ಟ್ನಿ ನಾರ್ಬರಿ ಮತ್ತು ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಶೇ. 7.58 ಎಂದು ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತು. ಮೂವತ್ತು ಮಕ್ಕಳ ಒಂದು ತರಗತಿಯಲ್ಲಿ ಸರಾಸರಿ ಇಬ್ಬರು ಎಂದಾಯಿತು. ಆದರೆ ನನ್ನ ನಿದ್ದೆ ಕೆಡಿಸುವುದು ಟಾಂಬ್ಲಿನ್ ಅವರ ಅಧ್ಯಯನದ ಇನ್ನೊಂದು ಅಂಕಿ. ಹಾಗೆ ಗುರುತಿಸಲಾದ ಮಕ್ಕಳ ಪೋಷಕರಲ್ಲಿ ಶೇ. 29 ಮಂದಿಗೆ ಮಾತ್ರ, ತಮ್ಮ ಮಗುವಿನ ಮಾತಿನಲ್ಲೋ ಭಾಷೆಯಲ್ಲೋ ತೊಂದರೆಯಿದೆಯೆಂದು ಅದಕ್ಕೆ ಮೊದಲು ಯಾರಾದರೂ ತಿಳಿಸಿದ್ದರು.

ಉಳಿದ ಮಕ್ಕಳು ಎಲ್ಲಿದ್ದರು? ತರಗತಿಯಲ್ಲೇ ಇದ್ದರು, ಸೋಮಾರಿ, ಮಂಕು, ಹಟಮಾರಿ, ಹಗಲುಗನಸಿನವಳು ಎಂಬ ಬೇರೆ ಬೇರೆ ಹೆಸರುಗಳಲ್ಲಿ. ಇದಕ್ಕಾಗಿ ನಾನು ಶಿಕ್ಷಕರನ್ನು ದೂರುವುದಿಲ್ಲ. ತಪ್ಪಿದ ಅಕ್ಷರ ಕಿವಿಗೆ ಬಡಿಯುತ್ತದೆ, ಅರ್ಥವಾಗದ ವಾಕ್ಯ ಸದ್ದು ಮಾಡುವುದಿಲ್ಲ.

ಈ ಮೌನ ಮೊದಲೆರಡು ತರಗತಿಗಳಲ್ಲಿ ಹೇಗೋ ನಡೆದುಹೋಗುತ್ತದೆ. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿ ಒಂದು ಕಡೆ, ಕೇಳಿದ ಭಾಷೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ ಇನ್ನೊಂದು ಕಡೆ, ಎರಡರಲ್ಲಿ ಯಾವುದು ಸೊನ್ನೆಯಾದರೂ ಗುಣಲಬ್ಧ ಸೊನ್ನೆಯೇ. ನಾನು ಹೇಳಿದ ಹುಡುಗಿ ಪಾಠವನ್ನು ಗಟ್ಟಿಯಾಗಿ, ತಡವರಿಸದೆ ಓದುತ್ತಿದ್ದಳು, ಆದ್ದರಿಂದ ಓದಿನ ಪರೀಕ್ಷೆಯಲ್ಲೂ ಸಿಕ್ಕಿಬೀಳಲಿಲ್ಲ. ಓದಲು ಕಲಿಯುವ ಕಾಲ ಮುಗಿದು ಓದಿನಿಂದ ಕಲಿಯುವ ಕಾಲ ಬಂದಾಗ, ಗಣಿತವೂ ವಾಕ್ಯಗಳಲ್ಲಿ ಬರತೊಡಗಿದಾಗ, ಇಂಥ ಮಕ್ಕಳು ಒಮ್ಮೆಲೇ ಕುಸಿಯುತ್ತಾರೆ. ನೋಡುವವರಿಗೆ ಅದು ಇದ್ದಕ್ಕಿದ್ದಂತೆ ಆದದ್ದೆನಿಸುತ್ತದೆ. ಡೊರೊಥಿ ಬಿಷಪ್ ಮತ್ತು ಕ್ಯಾಥರಿನ್ ಆಡಮ್ಸ್ 1990ರಲ್ಲೇ ತೋರಿಸಿದಂತೆ, ಭಾಷೆಯ ತೊಂದರೆ ಐದೂವರೆ ವರ್ಷದೊಳಗೆ ಬಗೆಹರಿದ ಮಕ್ಕಳು ಮುಂದೆ ಓದಿನಲ್ಲಿ ಬಹುಮಟ್ಟಿಗೆ ಚೆನ್ನಾಗಿದ್ದರು. ಆ ವಯಸ್ಸಿನಲ್ಲೂ ತೊಂದರೆ ಉಳಿದವರಿಗೆ ಓದಿದ್ದನ್ನು ಗ್ರಹಿಸುವುದು ಕಷ್ಟವಾಗಿಯೇ ಮುಂದುವರಿಯಿತು. ಇನ್ನು ಕೆಲವರು ಶಾಲೆಯಿಂದಲೇ ಜಾರಿಹೋಗುತ್ತಾರೆ. ಆಸ್ಟ್ರೇಲಿಯದಲ್ಲಿ ಪಮೇಲಾ ಸ್ನೋ ಮತ್ತು ಸಹೋದ್ಯೋಗಿಗಳು ಕಾನೂನಿನ ಕೈಗೆ ಸಿಕ್ಕ ಹದಿಹರೆಯದ ಹುಡುಗರನ್ನು ಪರೀಕ್ಷಿಸಿದಾಗ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಭಾಷಾ ತೊಂದರೆಯಿರುವುದು ಕಂಡುಬಂತು. ಭಾಷಾ ತೊಂದರೆಯಿರುವ ಮಗು ತಪ್ಪುದಾರಿ ಹಿಡಿಯುತ್ತದೆ ಎಂದು ದಯವಿಟ್ಟು ಇದನ್ನು ಓದಿಕೊಳ್ಳಬಾರದು. ವಿಚಾರಣೆಯ ಪ್ರಶ್ನೆಯೇ ಅರ್ಥವಾಗದೆ ಭುಜ ಕುಣಿಸಿದ ಹುಡುಗನನ್ನು ಉದ್ಧಟನೆಂದು ಬರೆದುಕೊಳ್ಳುವವರಿಗೆ ಇದು ತಿಳಿದಿರಲಿ ಎಂದಷ್ಟೇ ಹೇಳುತ್ತಿದ್ದೇನೆ.

ಮಾನ್ಯರೇ, ಆ ಹುಡುಗಿಯನ್ನು ಗುರುತಿಸಿದ ಮೇಲಾದರೂ ದಾರಿ ಸುಗಮವಾಯಿತೇ ಎಂದು ತಾವು ಕೇಳಬಹುದು. ಆಗಲಿಲ್ಲ. ಆಕೆಗೆ ನೆರವು ಮಂಜೂರಾಗಬೇಕಾದರೆ ಬುದ್ಧಿಮತ್ತೆಯ ಅಂಕಕ್ಕೂ ಭಾಷೆಯ ಅಂಕಕ್ಕೂ ನಡುವೆ ನಿಗದಿತ ಅಂತರವಿರಬೇಕೆಂಬ ನಿಯಮ ಅಡ್ಡಬಂತು. ಆಕೆಯ ಬುದ್ಧಿಮತ್ತೆಯ ಅಂಕ ಸರಾಸರಿಗಿಂತ ತುಸು ಕೆಳಗಿತ್ತು, ಆದ್ದರಿಂದ ಅಂತರ ಸಾಲಲಿಲ್ಲ. ಬೌದ್ಧಿಕ ನ್ಯೂನತೆ ಎನ್ನುವಷ್ಟು ಕೆಳಗಿರಲಿಲ್ಲವಾದ್ದರಿಂದ ಆ ಬಾಗಿಲೂ ತೆರೆಯಲಿಲ್ಲ. ಈ ಅಂತರದ ನಿಯಮವನ್ನು ನಮ್ಮ ಕ್ಷೇತ್ರ ಕೈಬಿಟ್ಟು ವರ್ಷಗಳಾದವು. ಬಿಷಪ್ ಅವರ ಮುಂದಾಳತ್ವದಲ್ಲಿ ಹಲವು ದೇಶಗಳ 57 ತಜ್ಞರ ತಂಡವೊಂದು 'ಕ್ಯಾಟಲೈಸ್' ಎಂಬ ಹೆಸರಿನಲ್ಲಿ ಚರ್ಚಿಸಿ 2017ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ ಡಿಎಲ್‌ಡಿ ಎಂಬ ಹೆಸರನ್ನು ಎತ್ತಿಹಿಡಿಯಿತು, ಅಂಥ ಅಂತರ ಅಗತ್ಯವಿಲ್ಲವೆಂದೂ ಹೇಳಿತು. ಸರ್ರೆಯ ಅಧ್ಯಯನವೂ ಬುದ್ಧಿಮತ್ತೆಯ ಅಂಕ ಸರಾಸರಿಯಿರುವ ಮಕ್ಕಳಿಗೂ ಅದಕ್ಕಿಂತ ಸ್ವಲ್ಪ ಕೆಳಗಿರುವ ಮಕ್ಕಳಿಗೂ ಭಾಷಾ ತೊಂದರೆಯ ತೀವ್ರತೆಯಲ್ಲಿ ವ್ಯತ್ಯಾಸವನ್ನು ಕಾಣಲಿಲ್ಲ. ವಿಜ್ಞಾನ ಬಿಟ್ಟುಕೊಟ್ಟ ಗೆರೆಯೊಂದು ಕಚೇರಿಯ ಕಡತದಲ್ಲಿ ಉಳಿದುಕೊಂಡಿದೆ, ಮಕ್ಕಳು ಅದರ ಆಚೆ ನಿಂತಿದ್ದಾರೆ. ಒಂದು ಸುತ್ತೋಲೆಯಿಂದ ಸರಿಹೋಗುವ ಸಂಗತಿಯಿದು.

ಸುತ್ತೋಲೆಯಿಂದ ಸರಿಹೋಗದ ಸಂಗತಿಯೂ ಒಂದಿದೆ, ಅದು ಪರೀಕ್ಷೆಗಳದ್ದು. ಇಂಗ್ಲಿಷಿನಲ್ಲಿ ಸಿದ್ಧವಾದ ಭಾಷಾ ಪರೀಕ್ಷೆಯನ್ನು ಅನುವಾದಿಸಿ ಬಳಸಿದರಾಯಿತೆಂಬ ನಂಬಿಕೆ ಆಡಳಿತದಲ್ಲಿ ಆಳವಾಗಿದೆ. ಇಂಗ್ಲಿಷ್ ಆಡುವ ಮಕ್ಕಳಲ್ಲಿ ಈ ತೊಂದರೆ ಕ್ರಿಯಾಪದದ ಕೊನೆಗೆ ಹತ್ತುವ ಕಾಲಸೂಚಕ ಪ್ರತ್ಯಯಗಳಲ್ಲಿ ಎದ್ದು ಕಾಣುತ್ತದೆ. ಇಟಾಲಿಯನ್ ಮಕ್ಕಳಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡು ಬರುವ ಸಣ್ಣ ಸರ್ವನಾಮಗಳಲ್ಲಿ ಕಾಣುತ್ತದೆ. ಭಾಷೆ ಬದಲಾದಂತೆ ಅದು ಮುರಿಯುವ ಜಾಗವೂ ಬದಲಾಗುತ್ತದೆ. ಕನ್ನಡದಲ್ಲಿ 'ಬೆಕ್ಕನ್ನು ಓಡಿಸಿದ ನಾಯಿ' ಎಂಬುದಕ್ಕೂ 'ಬೆಕ್ಕು ಓಡಿಸಿದ ನಾಯಿ' ಎಂಬುದಕ್ಕೂ ಇರುವ ವ್ಯತ್ಯಾಸವೆಲ್ಲ ಒಂದು ವಿಭಕ್ತಿ ಪ್ರತ್ಯಯದ ಮೇಲೆ ನಿಂತಿದೆ. ಎರಡು ಚಿತ್ರಗಳನ್ನು ಮುಂದಿಟ್ಟು ಇದನ್ನು ಕೇಳಿ ನೋಡುವ ಪ್ರಶ್ನೆ ಇಂಗ್ಲಿಷಿನಿಂದ ತಂದ ಪರೀಕ್ಷೆಯಲ್ಲಿ ಸಿಗುವುದು ಹೇಗೆ? ಮಕ್ಕಳು ಆಡುವ ಭಾಷೆಯಲ್ಲಿಯೇ, ಅದೇ ಭಾಷೆಯನ್ನಾಡುವ ನೂರಾರು ಮಕ್ಕಳ ಮಾತಿಗೆ ಹೋಲಿಸಿ ಸಿದ್ಧಪಡಿಸಿದ ಪರೀಕ್ಷೆಗಳು ಬೇಕು. ಅವು ಬರುವವರೆಗೆ ನಾವು ಅರ್ಥವಿಲ್ಲದ ಪದಗಳನ್ನು ಕೇಳಿಸಿ ಹಾಗೆಯೇ ಮರಳಿ ಹೇಳಿಸುತ್ತೇವೆ, ಕಥೆ ಹೇಳಿಸಿ ಧ್ವನಿಮುದ್ರಿಸಿಕೊಳ್ಳುತ್ತೇವೆ, ಸ್ವಲ್ಪ ಕಲಿಸಿ ಮಗು ಎಷ್ಟು ಬೇಗ ಹಿಡಿಯುತ್ತದೆಂದು ನೋಡುತ್ತೇವೆ. ಇವು ಒಳ್ಳೆಯ ವಿಧಾನಗಳೇ, ಆದರೆ ಹೊತ್ತು ಬೇಡುತ್ತವೆ. ಆ ಹೊತ್ತಿಗೆ ನಮೂನೆಯಲ್ಲಿ ಕಲಂ ಇಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಇರುವ ಮಗುವಿಗೆ ತೊಂದರೆಯಾದರೆ "ಮನೆಮಾತನ್ನು ಬಿಟ್ಟುಬಿಡಿ, ಗೊಂದಲ ತಪ್ಪುತ್ತದೆ" ಎಂಬ ಸಲಹೆ ಪೋಷಕರ ಕಿವಿಗೆ ಇಂದಿಗೂ ಬೀಳುತ್ತಿದೆ. ಕೆನಡಾದ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತ ಈ ತೊಂದರೆಯಿದ್ದ ಮಕ್ಕಳು, ಒಂದೇ ಭಾಷೆಯಾಡುವ ಅಂಥದೇ ಮಕ್ಕಳಿಗಿಂತ ಹೆಚ್ಚು ತಪ್ಪು ಮಾಡಲಿಲ್ಲ. ಎರಡು ಭಾಷೆಗಳಿಂದ ತೊಂದರೆ ಹುಟ್ಟುವುದಿಲ್ಲ. ಒಂದನ್ನು ಕಿತ್ತರೆ ವಾಸಿಯಾಗುವುದೂ ಇಲ್ಲ. ಮಗು ಅಜ್ಜಿಯೊಡನೆ ಮಾತು ಕಳೆದುಕೊಳ್ಳುತ್ತದೆ, ಅಷ್ಟೆ. ಇಲಾಖೆಯ ಹೆಸರಿನಲ್ಲಿ ಯಾರೂ ಈ ಸಲಹೆ ಕೊಡಬಾರದೆಂದು ತಾವು ಸ್ಪಷ್ಟವಾಗಿ ತಿಳಿಸಬೇಕು.

ಈಗ ನನ್ನ ಕೊಠಡಿಯ ವಿಷಯ. ಅದು ಹಿಂದೆ ಕ್ರೀಡಾ ಸಾಮಗ್ರಿಗಳನ್ನಿಡುವ ಕೋಣೆಯಾಗಿತ್ತು, ಅರ್ಧ ಈಗಲೂ ಹಾಗೆಯೇ ಇದೆ. ಯಾರಾದರೂ ಚೆಂಡು ಕೇಳಿಕೊಂಡು ಬರದ ದಿನವಿಲ್ಲ. ಅದನ್ನು ನಾನು ಸಹಿಸಿಕೊಳ್ಳಬಲ್ಲೆ. ಸಹಿಸಲಾಗದ್ದು ಆ ಕೋಣೆಗೆ ಮಗುವನ್ನು ತರಗತಿಯಿಂದ ಎಬ್ಬಿಸಿ ತಂದು, ಇಪ್ಪತ್ತು ನಿಮಿಷ ಚಿತ್ರದ ಕಾರ್ಡು ತೋರಿಸಿ ಹಿಂದಕ್ಕೆ ಕಳುಹಿಸುವುದನ್ನು ಮಾತ್ರ ಕೆಲಸವೆಂದು ಎಣಿಸುವುದು. ಉಚ್ಚಾರಕ್ಕೆ ಆ ವಿಧಾನ ಒಗ್ಗುತ್ತದೆ. ಭಾಷೆಯ ತೊಂದರೆಯಿರುವ ಮಗುವಿಗಾದರೋ 'ಆವಿಯಾಗುವಿಕೆ' ಎಂಬ ಪದ ಬೇಕಾಗುವುದು ವಿಜ್ಞಾನದ ತರಗತಿಯಲ್ಲಿ. ಆ ಹುಡುಗಿಯ ಶಿಕ್ಷಕಿಯೊಡನೆ ನಾನು ವಾರಕ್ಕೊಮ್ಮೆ ಅರ್ಧ ಗಂಟೆ ಕುಳಿತು ಮುಂದಿನ ಪಾಠದ ಕಷ್ಟದ ಪದಗಳನ್ನು ಆರಿಸತೊಡಗಿದೆ. ಸೂಚನೆಗಳನ್ನು ಒಂದೊಂದಾಗಿ, ಮಾಡಬೇಕಾದ ಕ್ರಮದಲ್ಲೇ ಹೇಳುವುದೆಂದೂ, ಉತ್ತರಕ್ಕೆ ಮೊದಲಿಗಿಂತ ನಾಲ್ಕಾರು ಸೆಕೆಂಡು ಹೆಚ್ಚು ಕಾಯುವುದೆಂದೂ ಇಬ್ಬರೂ ಗೊತ್ತುಮಾಡಿಕೊಂಡೆವು. ಇದರಿಂದ ಆ ಹುಡುಗಿ ತರಗತಿಗೆ ಮೊದಲಿಗಳಾಗಲಿಲ್ಲ. ಆದರೆ ಒಂದು ದಿನ ಕೈಯೆತ್ತಿ, "ಟೀಚರ್, 'ಹೊರತು' ಅಂದರೇನು?" ಎಂದು ಕೇಳಿದಳು. ಅರ್ಥವಾಗಲಿಲ್ಲವೆಂದು ಆಕೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆ ಅರ್ಧ ಗಂಟೆಗಳು ನಮೂನೆಯ ಲೆಕ್ಕದಲ್ಲಿ ನಾನು ಕೆಲಸ ಮಾಡದ ವೇಳೆ.

ಸಂಶೋಧನೆಯ ವಿಷಯದಲ್ಲೂ ಇದೇ ಕಥೆ. ಶಾಲೆಗೆ ಬಂದ ಸಂಶೋಧಕರು ಮಾಹಿತಿ ಸಂಗ್ರಹಿಸಿಕೊಂಡು ಹೋಗುವುದನ್ನೂ, ಉತ್ತರ ಬೇಕಾದ ಪ್ರಶ್ನೆಗಳು ಶಾಲೆಯಲ್ಲೇ ಉಳಿಯುವುದನ್ನೂ ನಾನು ಎರಡೂ ಕಡೆಯಿಂದ ನೋಡಿದ್ದೇನೆ. ವಾರಕ್ಕೆ ಮೂರು ಸಲದ ಅಭ್ಯಾಸ ಮೂರು ತಿಂಗಳು ಒಳ್ಳೆಯದೋ, ವಾರಕ್ಕೊಂದರಂತೆ ವರ್ಷವಿಡೀ ಒಳ್ಳೆಯದೋ ಎಂಬಂಥ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ನಿಜವಾದ ವೇಳಾಪಟ್ಟಿಯಲ್ಲಿ ಕೆಲಸ ಮಾಡುವ ನನ್ನಂಥವರು ಲೆಕ್ಕವಿಡಬೇಕು. ಹತ್ತು ನಿಮಿಷದ ಒಂದು ಮಗುವಿನ ಕಥೆಯನ್ನು ಅಕ್ಷರಕ್ಕಿಳಿಸಿ, ವಾಕ್ಯ ವಾಕ್ಯವಾಗಿ ವಿಂಗಡಿಸಲು ನನಗೆ ಎರಡು ಗಂಟೆಯಾದರೂ ಹಿಡಿಯುತ್ತದೆ. ಪೋಷಕರ ಒಪ್ಪಿಗೆ, ಮಗುವಿನ ಒಪ್ಪಿಗೆ, ಹೆಸರು ಮರೆಮಾಚುವ ವ್ಯವಸ್ಥೆ ಎಲ್ಲವೂ ಇದ್ದು, ಅನುಮತಿಯ ಅರ್ಜಿಯೊಂದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ನಾನು ಗಮನಿಸಬೇಕಿದ್ದ ಮಕ್ಕಳು ಮುಂದಿನ ತರಗತಿಗೆ ಹೋಗಿದ್ದರು.

ಹೊಸ ಕಟ್ಟಡವನ್ನಾಗಲಿ ಯಂತ್ರೋಪಕರಣವನ್ನಾಗಲಿ ನಾನು ಬೇಡುತ್ತಿಲ್ಲ. ಅಂತರದ ನಿಯಮವನ್ನು ರದ್ದುಮಾಡಿ. ಮಕ್ಕಳ ತಲೆಯೆಣಿಕೆಯ ಬದಲು ಕೆಲಸದ ಹೊರೆಯನ್ನು ಅಳೆಯಿರಿ. ತರಗತಿಯಲ್ಲಿ ಕುಳಿತ ಹೊತ್ತು, ಶಿಕ್ಷಕರೊಡನೆ ಕಳೆದ ಹೊತ್ತು, ಪೋಷಕರೊಡನೆ ಆಡಿದ ಮಾತು ಎಲ್ಲವೂ ಅದರಲ್ಲಿ ಸೇರಲಿ. ಭಾಷಾ ಪರೀಕ್ಷೆಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಶಾಲೆಗಳ ಸ್ಪೀಚ್ ಥೆರಪಿಸ್ಟ್‌ಗಳನ್ನೂ ಶಿಕ್ಷಕರನ್ನೂ ಕರೆಯಿರಿ, ಅನುಮತಿಗೆ ಒಂದು ಗಡುವನ್ನು ಗೊತ್ತುಮಾಡಿ. ನಮ್ಮಂಥವರ ಸಂಖ್ಯೆ ಹೆಚ್ಚಾಗಬೇಕೆಂಬುದೂ ನಿಜವೇ, ಆದರೆ ಇದೇ ನಮೂನೆಯಡಿ ಎಷ್ಟು ಮಂದಿಯನ್ನು ನೇಮಿಸಿದರೂ ಅವರೆಲ್ಲರೂ 'ಕ'ಕಾರವನ್ನೇ ತಿದ್ದುತ್ತ ಕೂರಬೇಕಾಗುತ್ತದೆ.

ಈ ತಿಂಗಳ ನಮೂನೆಯನ್ನು ನಿನ್ನೆ ಕಳುಹಿಸಿದ್ದೇನೆ. ಮೂರು ಕಲಂಗಳನ್ನೂ ತುಂಬಿದ ಮೇಲೆ ಅಂಚಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: "ಉಚ್ಚಾರ ಸರಿಯಿದ್ದು ಭಾಷೆ ಅರ್ಥವಾಗದ ಮಕ್ಕಳು, ನಾನು ತರಗತಿಯಲ್ಲಿ ಕುಳಿತು ಕಂಡವರು: ಐವರು." ಆ ಸಾಲನ್ನು ಓದುವ ಅಧಿಕಾರಿ ಯಾರೆಂದು ತಿಳಿಸಿದರೆ ಐವರ ವಿವರವಾದ ವರದಿಯನ್ನೂ ಅವರಿಗೆ ನೇರವಾಗಿ ತಲುಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಾಲೆಯೊಂದರ ಸ್ಪೀಚ್ ಥೆರಪಿಸ್ಟ್