ನೀರು ಕುಡಿದು ಹೋಗು, ಪುಟ್ಟಿ

ತಿಪಟೂರು

ಪ್ರೀತಿಯ ಪುಟ್ಟಿ,

ಮೈಸೂರಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಖುಷಿಗೆ ಅವನಿಗೆ ಮಾತೇ ಹೊರಡಲಿಲ್ಲ. ಆಮೇಲೆ ನಿಮ್ಮಮ್ಮ ಹೇಳಿದಳು, ಅಡ್ಮಿಷನ್ ದಿನ ನೀನು ಬೆಳಿಗ್ಗೆಯಿಂದ ಒಂದು ಹನಿ ನೀರೂ ಕುಡಿದಿರಲಿಲ್ಲವಂತೆ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು.

ಯಾಕೆ ಕುಡಿಯಲಿಲ್ಲ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೈಸ್ಕೂಲಿನ ಮೂರು ವರ್ಷ ನಾನೂ ಹಾಗೇ ಕಳೆದವಳು. ಪೋಲಿಯೋ ಕಾಲಿಗೆ ಕ್ಯಾಲಿಪರ್, ಅಂದರೆ ಕಾಲನ್ನು ನೆಟ್ಟಗೆ ನಿಲ್ಲಿಸುವ ಆಸರೆ, ಕಟ್ಟಿಕೊಂಡು ಹೋಗುತ್ತಿದ್ದೆ. ಮಂಡಿಯ ಹತ್ತಿರದ ಲಾಕ್ ತೆಗೆದರೆ ಮಾತ್ರ ಕಾಲು ಮಡಚಲು ಆಗುತ್ತಿತ್ತು. ಶೌಚಾಲಯಕ್ಕೆ ಎರಡು ಮೆಟ್ಟಿಲು, ಹಿಡಿದುಕೊಳ್ಳೋಕೆ ಕಂಬಿ ಇಲ್ಲ, ನೆಲವೆಲ್ಲ ಒದ್ದೆ. ಒಂದು ಸಲ ಜಾರಿ ಬಿದ್ದೆ. ಅಲ್ಲಿಂದ ಬೆಳಗಿನ ಕಾಫಿ ಬಿಟ್ಟೆ, ನೀರೂ ಬಿಟ್ಟೆ. ಸಂಜೆ ಮನೆಗೆ ಬಂದು ಚೊಂಬು ಎತ್ತಿ ಗಟಗಟ ಕುಡಿಯುತ್ತಿದ್ದೆ. ಉರಿಮೂತ್ರ ಶುರುವಾಗಿ, ಜ್ವರ ಬಂದು, ಒಂದು ಪರೀಕ್ಷೆಯೇ ತಪ್ಪಿತು. ಅಷ್ಟಾದರೂ ಹೆಡ್‌ಮೇಷ್ಟ್ರ ಹತ್ತಿರ ಹೋಗಿ "ಒಂದು ಕಂಬಿ ಹಾಕಿಸಿಕೊಡಿ ಸಾರ್" ಅನ್ನಲಿಲ್ಲ. ಸ್ಕೂಲಿಗೆ ಸೇರಿಸಿಕೊಂಡಿದ್ದೇ ದೊಡ್ಡದು ಅಂದುಕೊಂಡಿದ್ದೆ.

ನೀನು ಹಾಗೆ ಅಂದುಕೊಳ್ಳಬೇಡ. ನಿನಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಅದರಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ನಿನಗಿರುವ ಸೆರೆಬ್ರಲ್ ಪಾಲ್ಸಿಯ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರೋದರ, ಹೆಸರೂ ಇದೆ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಸಿಗಬೇಕು. ಅಂದರೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಕೈ ಬಿಗಿದುಕೊಳ್ಳುತ್ತೆ ಅಂತೀಯಲ್ಲ, ನೀನು ಹೇಳಿದ್ದನ್ನು ಬರೆಯೋಕೆ ಒಬ್ಬರನ್ನು ಕೇಳಬಹುದು. ಪರೀಕ್ಷೆ ಹತ್ತಿರ ಬಂದಮೇಲೆ ಓಡಾಡಬೇಡ. ಸೇರಿದ ವಾರವೇ ಯುಡಿಐಡಿ ಕಾರ್ಡಿನ, ಅಂದರೆ ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿಯ, ಜೆರಾಕ್ಸ್ ಇಟ್ಟು ಅರ್ಜಿ ಕೊಡು. ಬಾಯಲ್ಲಿ ಹೇಳಿದ್ದು ಎಲ್ಲರಿಗೂ ಮರೆತುಹೋಗುತ್ತೆ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೇ ಬಾ.

ರ‍್ಯಾಂಪ್ ಕೇಳುವಾಗ ಅಳತೆ ಸಮೇತ ಕೇಳು. ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ನಾಲ್ಕಡಿಗೇ ಮುಗಿಸಿ ಸಿಮೆಂಟು ಬಳಿದಿದ್ದರು. ಅದರ ಮೇಲೆ ಬೈಕ್ ಹತ್ತುತ್ತಿತ್ತು, ನನಗೆ ಹತ್ತೋಕಾಗುತ್ತಿರಲಿಲ್ಲ. ನಿನ್ನ ವಾಕರ್ ಅಂತೂ ಹಿಂದಕ್ಕೇ ಜಾರುತ್ತೆ.

ಅಯ್ಯೋ ಪಾಪ ಅನ್ನುವವರು ಅಲ್ಲೂ ಸಿಗುತ್ತಾರೆ. ಕೆಟ್ಟವರಲ್ಲ ಅವರು. ಆದರೆ ಕೇಳದೆ ರಟ್ಟೆ ಹಿಡಿದು ಎತ್ತಿದರೆ ಬೀಳುವವಳು ನೀನೇ. "ತಡೀರಿ, ನಿಮ್ಮ ಭುಜ ಕೊಡಿ, ನಾನೇ ಹಿಡ್ಕೋತೀನಿ" ಅನ್ನು. ಇನ್ನು ಕೆಲವರು ನಮ್ಮ ಹಾಸನ ಜಿಲ್ಲೆಯ ಗಿರೀಶರನ್ನು ತೋರಿಸುತ್ತಾರೆ. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸಿನ ಹೈಜಂಪಿನಲ್ಲಿ ಅವರು ಬೆಳ್ಳಿ ಗೆದ್ದಾಗ ನಾನೂ ಪೇಪರಿನ ಫೋಟೋ ನೋಡಿ ಅತ್ತಿದ್ದೆ. ಆದರೆ ಮರ್ಯಾದೆ ಸಿಗೋಕೆ ನೀನು ಪದಕ ತರಬೇಕಾಗಿಲ್ಲ, ಪುಟ್ಟಿ. ನೀನು ಲೆಕ್ಕ ಕಲಿಯೋಕೆ ಹೋಗುತ್ತಿದ್ದೀಯ. ಅದನ್ನು ಕಲಿ.

ಸೋಮವಾರ ನಾನೂ ಮೈಸೂರಿಗೆ ಬರುತ್ತೇನೆ. ಪ್ರಿನ್ಸಿಪಾಲರ ಹತ್ತಿರ ಇಬ್ಬರೂ ಹೋಗೋಣ. ಮೊದಲು ಶೌಚಾಲಯದ ಮಾತು, ಆಮೇಲೆ ಉಳಿದದ್ದು. ಮಾತಾಡುವವಳು ನೀನೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮನೆಯಿಂದ ಹೊರಡುವ ಮುಂಚೆ ಒಂದು ಲೋಟ ನೀರು ಕುಡಿ.

ನಿನ್ನ
ಅತ್ತೆ